ಕಾಳಮ್ಮ ನೋಡದ ಕೋಣೆ

ಶನಿವಾರಸಂತೆಯ ಸುತ್ತಮುತ್ತಲಿನ ಹಳ್ಳಿಗಳಲ್ಲಿ ಹೆಣ್ಣು ಕೊಡುವ ಮೊದಲು ಗಂಡಿನ ಮನೆ ನೋಡಿಕೊಂಡು ಬರಲು ಕಾಳಮ್ಮನನ್ನು ಕಳಿಸುವುದು ಒಂದು ಪದ್ಧತಿಯೇ ಆಗಿಬಿಟ್ಟಿತ್ತು. ಕೊಡಗು ತನ್ನದೇ ಮಂತ್ರಿಗಳನ್ನು ಇಟ್ಟುಕೊಂಡು ಬೇರೆ ರಾಜ್ಯವಾಗಿದ್ದ ಆ ಕೆಲವು ವರ್ಷಗಳಲ್ಲಿ, ಮಡಿಕೇರಿಯಲ್ಲಿ ಕೂತವರು ಆಡಿದ ಮಾತು ಈ ಉತ್ತರದ ಮೂಲೆಗೆ ಬಂದು ಮುಟ್ಟುವ ಹೊತ್ತಿಗೆ ಹಳಸಿರುತ್ತಿತ್ತು. ಕಾಳಮ್ಮನ ಮಾತು ಮಾತ್ರ ಬಿಸಿಯಾಗಿಯೇ ಮನೆಮನೆ ತಲುಪುತ್ತಿತ್ತು. ಅವಳು ಬಂದು ಜಗಲಿಯ ಮೇಲೆ ಕೂತು, ವೀಳ್ಯದೆಲೆಗೆ ಸುಣ್ಣ ಸವರಿ, "ಹೂಂ, ಕೊಡಬೌದು" ಅಂದರೆ ಚಪ್ಪರ ಹಾಕಿದ ಹಾಗೆಯೇ ಲೆಕ್ಕ. ಏನೂ ಹೇಳದೆ ಎಲೆ ಮಡಿಚಿ ಬಾಯಿಗಿಟ್ಟುಕೊಂಡರೆ ಆ ಸಂಬಂಧ ಅಲ್ಲಿಗೆ ಮುಗಿಯಿತು.

ಅವಳು ಮನೆ ನೋಡುವ ರೀತಿಯೇ ಬೇರೆ. ಮುಂಬಾಗಿಲ ರಂಗೋಲಿ, ಬೆಳಗಿ ಇಟ್ಟ ಹಿತ್ತಾಳೆ ಚೆಂಬು, ಗಂಡಿನ ಗರಿಗರಿ ಪಂಚೆ, ಇವಕ್ಕೆಲ್ಲ ಅವಳು ಸೊಪ್ಪು ಹಾಕುತ್ತಿರಲಿಲ್ಲ. "ಬಾಯಾರಿಕೆ ಕಣವ್ವ" ಎನ್ನುತ್ತ ನೇರ ಅಡುಗೆಮನೆಗೆ ನುಗ್ಗಿ ತಾನೇ ನೀರು ಬಗ್ಗಿಸಿಕೊಳ್ಳುವಳು. ಹಾಗೆಯೇ ಕೊಡದೊಳಗೆ ಬೆರಳಾಡಿಸಿ ಪಾಚಿ ಕಟ್ಟಿದೆಯೇ ನೋಡುವಳು. ಹಿತ್ತಿಲಿಗೆ ಹೋಗಿ ಬಾವಿಯ ಹಗ್ಗ, ಬಚ್ಚಲ ಮೋರಿ, ದನಗಳ ಪಕ್ಕೆ ನೋಡುವಳು. ಮೊದಲೇ ಬಂದ ಸೊಸೆಯೊಬ್ಬಳು ಆ ಮನೆಯಲ್ಲಿದ್ದರೆ ಮುಖ ನೋಡದೆ ಅಂಗಾಲು ನೋಡುವಳು. ಮುಖವನ್ನು ನಗು ಅಂದರೆ ನಗುತ್ತದೆ, ಕಾಲಿಗೆ ಆ ಬುದ್ಧಿ ಇಲ್ಲ ಎಂಬುದು ಅವಳ ವಾದ. ಒಮ್ಮೆ ಭಾರಿ ಕುಳದ ಮನೆಯೊಂದನ್ನು ಅವಳು ಬೇಡವೆಂದಳು. ಕಾರಣ ಕೇಳಿದರೆ, ಗಂಡು ಎದ್ದು ನಿಂತ ಕೂಡಲೇ ಆ ಮನೆಯ ನಾಯಿ ಬಾಲ ಮುದುರಿಕೊಂಡು ಹೊರಗೋಡಿತು ಎಂದಳು. ಎಲ್ಲರೂ ನಕ್ಕರು. ಮುಂದೆ ಆ ಗಂಡು ಬೇರೆ ಯಾರ ಮಗಳನ್ನೋ ಕಟ್ಟಿಕೊಂಡು ಅವಳ ಕೈ ಮುರಿದ ಸುದ್ದಿ ಬಂದ ಮೇಲೆ ನಕ್ಕವರೆಲ್ಲ ತಮ್ಮ ಹೆಣ್ಣುಮಕ್ಕಳ ಜಾತಕ ಹಿಡಿದು ಕಾಳಮ್ಮನ ಬಾಗಿಲಿಗೆ ಬಂದರು.

ಇಂಥ ಎದೆಗಾರ್ತಿಗೂ ಒಂದು ಕಟ್ಟಿತ್ತು. ಅವಳು ಪುರುಡಿನ ಕೋಣೆಯ ಹೊಸಿಲು ದಾಟುತ್ತಿರಲಿಲ್ಲ. ಹೆರಿಗೆಯಾದ ಮೇಲೆ ಶುದ್ಧಿಯಾಗುವ ತನಕ ಬಾಣಂತಿಯ ಕೋಣೆಗೆ ಆ ಮನೆಯವರಲ್ಲದವರು ಹೋಗುವುದಿಲ್ಲ. ಹೋದವರು ತಲೆಯ ಮೇಲೆ ನೀರು ಹಾಕಿಕೊಳ್ಳದೆ ಯಾವ ಶುಭಕಾರ್ಯಕ್ಕೂ ಕಾಲಿಡುವಂತಿಲ್ಲ. ಇದು ಕಾಳಮ್ಮ ಮಾಡಿದ ಕಟ್ಟಳೆಯಲ್ಲ, ಆ ಕಡೆಯ ಎಲ್ಲರದೂ ಹೌದು. ಆದರೆ ಇಂದು ನಿಶ್ಚಯ, ನಾಳೆ ಹೂವೀಳ್ಯ ಎಂದು ಸದಾ ಶುಭದ ದಾರಿಯಲ್ಲೇ ತಿರುಗುವ ಹೆಂಗಸಾದ್ದರಿಂದ ಅವಳು ಉಳಿದವರಿಗಿಂತ ಒಂದು ಕೈ ಹೆಚ್ಚಾಗಿಯೇ ಪಾಲಿಸುತ್ತಿದ್ದಳು. ಅದನ್ನು ಯಾರೂ ತಪ್ಪೆಂದು ಎಣಿಸಿರಲಿಲ್ಲ, ಮೆಚ್ಚಿಕೊಂಡಿದ್ದರು.

ಕಾಳಮ್ಮನಿಗೆ ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳಿರಲಿಲ್ಲ. ಅಕ್ಕ ಚಳಿಜ್ವರದಲ್ಲಿ ತೀರಿಕೊಂಡಾಗ ಇನ್ನೂ ಹೆಜ್ಜೆಯಿಡಲು ಬಾರದಿದ್ದ ಅಕ್ಕನ ಮಗಳು ನೀಲಾವತಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದು ಸಾಕಿದಳು. ಗಂಡ ಕೆಂಪಣ್ಣ ಗದ್ದೆ ಬಿಟ್ಟರೆ ಮನೆ, ಮನೆ ಬಿಟ್ಟರೆ ಗದ್ದೆ ಎನ್ನುವಂಥ ಮೆದು ಮನುಷ್ಯ. ಮಗುವನ್ನು ಅವನೂ ಎತ್ತಿ ಆಡಿಸಿದ. ನೀಲಾವತಿ ದೊಡ್ಡವಳಾದಾಗ ಅವಳಿಗೆಂದು ಕಾಳಮ್ಮ ನೋಡಿದ ಮನೆಗಳಿಗೆ ಲೆಕ್ಕವಿಲ್ಲ. ಕೊನೆಗೆ ಪಕ್ಕದ ಊರಿನ ಶಾಂತಪ್ಪನ ಮನೆ ಒಪ್ಪಿದಳು. ಅವನ ತಾಯಿ ರಂಗಮ್ಮನ ಬಾಯಿ ಸ್ವಲ್ಪ ಜೋರು. ಆದರೆ ಬಾವಿಗೆ ಕಟ್ಟೆಯಿತ್ತು, ದನಗಳು ಮೈತುಂಬಿಕೊಂಡಿದ್ದವು, ಗಂಡು ತಾಯಿಯ ಮುಂದೆಯೂ ದನಿ ಏರಿಸದವನು. ಅವಳ ಎಣಿಕೆ ಸುಳ್ಳಾಗಲಿಲ್ಲ, ಹುಡುಗಿ ಸುಖವಾಗಿಯೇ ಇದ್ದಳು.

ಸುಖಕ್ಕೆ ಕಲ್ಲು ಬಿದ್ದದ್ದು ಮೊದಲ ಹೆರಿಗೆಯಲ್ಲಿ. ಊರಿನ ಸೂಲಗಿತ್ತಿ ಕೆಂಚಿ ತನಗೆ ಗೊತ್ತಿದ್ದನ್ನೆಲ್ಲ ಮಾಡಿದಳು. ಮಗು ಕಾಲು ಮುಂದಾಗಿ ಬಂದಿತ್ತು, ಬರುವಾಗಲೇ ನೀಲಿಗಟ್ಟಿತ್ತು. ನೀಲಾವತಿ ಬದುಕಿದ್ದೇ ಹೆಚ್ಚು ಎಂದು ಕೆಂಚಿ ಕೈಮುಗಿದು ಹೋದಳು. ಎರಡನೆಯ ಸಲ ಬಸುರಾದಾಗ ರಂಗಮ್ಮ ಹಟ ಹಿಡಿದಳು, ಈ ಸಲ ಮನೆಯಲ್ಲಿ ಬೇಡವೇ ಬೇಡ, ನರ್ಸಿಂಗೋಮಿಗೆ ಸೇರಿಸೋಣ. ನೀಲಾವತಿಗೆ ಅಪರಿಚಿತ ಜಾಗವೆಂದರೆ ಭಯ. ಅತ್ತೆಗೆ ಎದುರಾಡಲಿಲ್ಲ, ತವರಿಗೆ ಬಂದು ಕಾಳಮ್ಮನ ಮೊಣಕಾಲಿಗೆ ತಲೆಯಾನಿಸಿ ಕೂತಳು.

"ಚಿಕ್ಕವ್ವ, ನೀನು ಹೋಗಿ ನೋಡು. ನೀನು ನೋಡಿ ಹೂಂ ಅಂದ್ರೆ ನಾನು ಕಣ್ಣು ಮುಚ್ಕೊಂಡು ಹೋಯ್ತೀನಿ. ಇಲ್ಲಾಂದ್ರೆ ಸತ್ರೂ ಇಲ್ಲೇ ಸಾಯ್ತೀನಿ."

"ಬುಡ್ತು ಅನ್ನು. ಸಾಯೋ ಮಾತು ಯಾಕಾಡ್ತೀಯ? ನಿನ್ನ ಗಂಡನ ಮನೆ ನೋಡಿದೋಳು ಇದೊಂದು ಮನೆ ನೋಡಕ್ಕಿಲ್ವಾ?" ಎಂದಳು ಕಾಳಮ್ಮ.

ನರ್ಸಿಂಗೋಮು ಇದ್ದದ್ದು ಸೋಮವಾರಪೇಟೆಯ ರಸ್ತೆಯಲ್ಲಿ, ಎಸ್ಟೇಟು ಮಾರಿ ಸೀಮೆಗೆ ಹೊರಟುಹೋದ ಬಿಳಿ ದೊರೆಯೊಬ್ಬನ ಬಂಗಲೆಯಲ್ಲಿ. ಹೊರಗಿನಿಂದ ಬಂದ ಡಾಕ್ಟರೊಬ್ಬರು ಅದನ್ನು ಕೊಂಡು, ಬಿಳಿ ಬಳಿಸಿ, ಬೋರ್ಡು ಹಾಕಿದ್ದರು. ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರುಗಳ ಹೆಂಡಿರು, ವಿಷಮಜ್ವರದಿಂದ ಎದ್ದವರು, ಕೈಕಾಲು ಬಿದ್ದುಹೋದ ಮುದುಕರು ಅಲ್ಲಿ ಮಲಗಿ ಸುಧಾರಿಸಿಕೊಳ್ಳುತ್ತಿದ್ದರು. ಅದು ಒಳ್ಳೆಯದೋ ಕೆಟ್ಟದ್ದೋ ಎಂದು ನೋಡಿ ಹೇಳುವವರು ಯಾರಾದರೂ ಇದ್ದರೋ ಇಲ್ಲವೋ, ನಮ್ಮ ಹಳ್ಳಿಗಳವರಿಗಂತೂ ಗೊತ್ತಿರಲಿಲ್ಲ. ಹೋಗಿ ಬಂದವರು ಹಾಲು ಗಟ್ಟಿಯಾಗಿದೆ, ಹಾಸಿಗೆ ಬೆಳ್ಳಗಿದೆ ಎನ್ನುತ್ತಿದ್ದರು. ಬರದೆ ಉಳಿದವರ ಸುದ್ದಿ ಯಾರೂ ಎತ್ತುತ್ತಿರಲಿಲ್ಲ.

ಕಾಳಮ್ಮ ಹೇಳದೆ ಕೇಳದೆ ಒಂದು ಬೆಳಿಗ್ಗೆ ಅಲ್ಲಿಗೆ ಹೋಗಿ ಇಳಿದಳು. ಅಂದು ಮಧ್ಯಾಹ್ನ ಅದೇ ದಾರಿಯ ಇನ್ನೊಂದು ಊರಿನಲ್ಲಿ ಒಂದು ನಿಶ್ಚಯವಿತ್ತು. ಗಂಡಿನ ಮನೆ ಒಪ್ಪಿದವಳೇ ಅವಳಾದ್ದರಿಂದ ಅವಳಿಲ್ಲದೆ ತಾಂಬೂಲ ಬದಲಾಗುವ ಹಾಗಿರಲಿಲ್ಲ. ಒಂದು ಪ್ರಯಾಣದಲ್ಲಿ ಎರಡು ಕೆಲಸವಾಯಿತು ಎಂದುಕೊಂಡು ಹೊಸ ಸೀರೆಯಲ್ಲೇ ಹೊರಟಿದ್ದಳು.

ಅವಳನ್ನು ಎದುರುಗೊಂಡವಳು ಅಲ್ಲಿಯ ದೊಡ್ಡ ನರ್ಸು, ಮಂಗಳೂರು ಕಡೆಯ ಹೆಂಗಸು. ಎತ್ತರದ ಆಳು, ಇಸ್ತ್ರಿ ಹಾಕಿದ ಬಿಳಿ ಸೀರೆ, ನಡೆದರೆ ಸದ್ದೇ ಇಲ್ಲ. ಯಾರು, ಯಾಕೆ ಬಂದಿರಿ ಎಂದು ಒಂದು ಮಾತೂ ಗದರಲಿಲ್ಲ. "ನೋಡಿ, ನೋಡಿ, ಎಲ್ಲ ನೋಡಿ. ನೋಡಿದ ಮೇಲೆಯೇ ನಂಬಿಕೆ ಬರುದು" ಎಂದು ನಕ್ಕಳು. ಕಾಳಮ್ಮನಿಗೆ ಅವಳು ಆಗಲೇ ಹಿಡಿಸಿದಳು. ತನ್ನನ್ನು ಕಂಡು ಗಾಬರಿಯಾಗದ ಮನೆಯೊಡತಿಯನ್ನು ಅವಳು ನೋಡಿದ್ದೇ ಕಡಿಮೆ.

ಕಾಳಮ್ಮ ತನ್ನ ಪಟ್ಟುಗಳನ್ನೆಲ್ಲ ಹಾಕಿದಳು. ಬಾಯಾರಿಕೆ ಎಂದು ಅಡುಗೆಮನೆಗೆ ನುಗ್ಗಿದಳು. ಕೊಡದ ಒಳಗೆ ಬೆರಳಾಡಿಸಿದರೆ ತಾಮ್ರ ಚರಚರ ಎಂದಿತು. ಅಡುಗೆಯವನ ಉಗುರು ನೋಡಿದಳು. ಬಾವಿಗೆ ಹಲಗೆ ಮುಚ್ಚಿತ್ತು, ಹಗ್ಗ ಹೊಸದು. ಕೊಟ್ಟಿಗೆಯ ಹಸುಗಳ ಮೈ ನುಣ್ಣಗಿತ್ತು. ಮುಂದಿನ ದೊಡ್ಡ ಕೋಣೆಯಲ್ಲಿ ಮಲಗಿದ್ದ ಮುದುಕಿಯೊಬ್ಬಳ ಹೊದಿಕೆ ಸರಿಸಿ ಅಂಗಾಲು ನೋಡಿದಳು, ಎಣ್ಣೆ ಹಚ್ಚಿ ತಿಕ್ಕಿದ ಕಾಲು. ಇಷ್ಟು ಚೊಕ್ಕಟ ತನ್ನ ಅಡುಗೆಮನೆಯಲ್ಲೂ ಇಲ್ಲ ಎಂದು ಅವಳಿಗೆ ನಾಚಿಕೆಯೂ ಆಯಿತು.

"ಹೆರಿಗೆ ಎಲ್ಲಿ ಮಾಡ್ಸೋದು ತಾಯಿ?" ಎಂದು ಕೇಳಿದಳು.

"ಅದು ಹಿಂದೆ. ಬನ್ನಿ."

ಬಂಗಲೆಯ ಹಿಂದೆ ಅಂಗಳ ದಾಟಿದರೆ ಒಂದು ಉದ್ದನೆಯ ತಗ್ಗು ಕಟ್ಟಡ. ದೊರೆಯ ಕಾಲದಲ್ಲಿ ಕುದುರೆಯ ಜೀನು, ಹುಲ್ಲು ಇಡುತ್ತಿದ್ದ ಜಾಗವಂತೆ. ಮುಂದಿನ ಬಿಳಿ ಬಣ್ಣ ಇಲ್ಲಿಯವರೆಗೆ ಬಂದಿರಲಿಲ್ಲ. ಒಂದೇ ಬಾಗಿಲು, ಮುಚ್ಚಿತ್ತು. ಹತ್ತಿರ ಹೋದಂತೆ ಫಿನಾಯಿಲಿನ ಘಾಟು, ಅದರ ಅಡಿಯಲ್ಲಿ ಇನ್ನೊಂದು ವಾಸನೆ, ಸಿಹಿಯೆನಿಸುವಂಥದ್ದು, ಗಂಟಲಲ್ಲಿ ನಿಲ್ಲುವಂಥದ್ದು. ಬಾಗಿಲು ಅರ್ಧ ತೆರೆದು ಆಯಾ ಒಬ್ಬಳು ಬೇಸಿನ್ನು ಹಿಡಿದು ಹೊರಬಂದಳು. ಬೇಸಿನ್ನಿಗೆ ಬಾಳೆಲೆ ಮುಚ್ಚಿತ್ತು. ಅವಳು ಇಬ್ಬರ ಮುಖವನ್ನೂ ನೋಡದೆ ಗೋಡೆಯ ಬದಿ ಹಿಡಿದು ಹಿಂದಕ್ಕೆ ಹೋದಳು. ಒಳಗೆ ಕತ್ತಲೆ. ಕತ್ತಲೆಯಿಂದ ಒಂದು ಹೆಣ್ಣುದನಿ ಕೇಳಿತು, ಜೋರಾಗಿಯೇನಲ್ಲ, ಎಷ್ಟೋ ಸಲ ಕೇಳಿ ಸೋತ ದನಿ. "ನೀರು. ಒಂಚೂರು ನೀರು."

ಕಾಳಮ್ಮ ನಿಂತಳು.

"ಬಾಣಂತಿ" ಎಂದಳು ದೊಡ್ಡ ನರ್ಸು. "ಕೇಳಿದಷ್ಟು ನೀರು ಕೊಡುದಿಲ್ಲ ಅಲ್ವ, ನಿಮ್ಮಲ್ಲೂ ಹಾಗೇ ಅಲ್ವ?"

ಹೌದು, ಅವರಲ್ಲೂ ಹಾಗೆಯೇ. ಹಸಿ ಬಾಣಂತಿಗೆ ನೀರು ಕೊಟ್ಟರೆ ಶೀತವಾಗುತ್ತದೆ ಎಂದು ಬಿಗಿ ಹಿಡಿಯುವುದು ಕಾಳಮ್ಮನಿಗೆ ಗೊತ್ತಿದ್ದದ್ದೇ. ಕತ್ತಲೆ? ಬಾಣಂತಿಗೆ ಗಾಳಿ ಬೆಳಕು ತಾಕಬಾರದು. ವಾಸನೆ? ಪುರುಡಿನ ಕೋಣೆ ಇನ್ನೇನು ಮಲ್ಲಿಗೆ ಮುಡಿದಿರುತ್ತದೆಯೇ? ಆಚೆ ಬೇಲಿಯ ಮೇಲೆ ಒಣಹಾಕಿದ್ದ ಹಳೆ ಬಟ್ಟೆಗಳಲ್ಲಿ ಕಲೆ ಹಾಗೆಯೇ ಉಳಿದಿತ್ತು. ಬಾಣಂತಿಗೆ ಹರಕು ಬಟ್ಟೆಯನ್ನೇ ಕೊಡುವುದು, ಆಮೇಲೆ ಎಸೆಯುವುದೇ ಅಲ್ಲವೇ? ಹೀಗೆ ಒಂದೊಂದಕ್ಕೂ ಅವಳ ತಲೆಯೊಳಗೇ ಉತ್ತರ ಸಿದ್ಧವಾಗಿತ್ತು. ಆದರೂ ಅವಳು ಸೆರಗಿನ ತುದಿಯನ್ನು ಮೂಗಿಗೆ ಹಿಡಿದಳು. ಯಾರ ಮನೆಯ ಹಿತ್ತಿಲಲ್ಲೂ ಅವಳು ಹಾಗೆ ಮಾಡಿರಲಿಲ್ಲ.

ದೊಡ್ಡ ನರ್ಸು ಬಾಗಿಲಿನ ಚಿಲಕದ ಮೇಲೆ ಕೈಯಿಟ್ಟಳು. "ಒಳಗೆ ಪುರುಡು ಉಂಟು. ನಿಮಗೆ ನೋಡ್ಲೇಬೇಕಂತಾದ್ರೆ ನೋಡಿ, ನಾನು ಬೇಡ ಹೇಳುದಿಲ್ಲ. ಎಲ್ಲಿಗೋ ಶುಭಕ್ಕೆ ಹೊರಟ ಹಾಗೆ ಕಾಣ್ತದೆ, ಅದಕ್ಕೆ ಹೇಳಿದ್ದು."

ಅವಳು ನಿಜವಾಗಿಯೂ ತಡೆಯಲಿಲ್ಲ. ಇದನ್ನು ಕಾಳಮ್ಮ ಮುಂದೆ ಎಷ್ಟು ಸಲ ನೆನೆದಳೋ. ಒಂದು ಹೆಜ್ಜೆ, ಒಂದು ತಳ್ಳು, ಅಷ್ಟೇ ಬೇಕಿದ್ದದ್ದು. ಆಮೇಲೆ ಬಾವಿಕಟ್ಟೆಯಲ್ಲಿ ತಲೆಯ ಮೇಲೆ ಎರಡು ಕೊಡ ನೀರು, ಒದ್ದೆ ಸೀರೆ, ನಿಶ್ಚಯಕ್ಕೆ ಸ್ವಲ್ಪ ತಡ. ಕಾಳಮ್ಮ ಹೊಸ ಸೀರೆಯ ನೆರಿಗೆ ಎತ್ತಿ ಹಿಡಿದು ಹಿಂದೆ ಸರಿದಳು. "ಬ್ಯಾಡ ಬುಡಿ ತಾಯಿ. ಮುಂದಿಂದೆಲ್ಲ ನೋಡಿದ್ನಲ್ಲ" ಎಂದಳು.

ನನಗೆ ಆ ದೊಡ್ಡ ನರ್ಸಿನ ಮೇಲೆ ಸಿಟ್ಟು ಬರುವಷ್ಟೇ ಅವಳ ಜಾಣತನಕ್ಕೆ ಬೆರಗೂ ಆಗುತ್ತದೆ. ಯಾವ ಜಾಗವನ್ನು ಜನ ನೋಡುತ್ತಾರೋ ಆ ಜಾಗವನ್ನು ನರ್ಸಿಂಗೋಮಿನವರು ಬೆಳಗಿಟ್ಟರು. ಯಾವ ಕೋಣೆಗೆ ಯಾವ ಮನೆಯವರೂ ಮುಂಚಿತವಾಗಿ ಬಂದು ಇಣುಕುವುದಿಲ್ಲವೋ ಆ ಕೋಣೆಗೆ ಸುಣ್ಣವಿಲ್ಲ, ಬಿಸಿನೀರಿಲ್ಲ, ಎರಡನೆಯ ಬೇಸಿನ್ನಿಲ್ಲ. ಅದಕ್ಕೆ ಕಾವಲಿಗೆ ಬೀಗವೂ ಬೇಕಾಗಿರಲಿಲ್ಲ. ನಮ್ಮ ಮಡಿಯೇ ಕಾವಲು ಕಾಯುತ್ತಿತ್ತು.

ಮಧ್ಯಾಹ್ನ ನಿಶ್ಚಯವಾಯಿತು. ಸಂಜೆ ಮನೆಗೆ ಬಂದಾಗ ನೀಲಾವತಿ, ಶಾಂತಪ್ಪ, ರಂಗಮ್ಮ ಮೂವರೂ ಜಗಲಿಯಲ್ಲಿ ಕಾದಿದ್ದರು. ಕಾಳಮ್ಮ ಎಲೆಗೆ ಸುಣ್ಣ ಸವರುತ್ತ ಬಾವಿಯ ಬಗ್ಗೆ ಹೇಳಿದಳು, ಹಸುಗಳ ಬಗ್ಗೆ ಹೇಳಿದಳು, ಮುದುಕಿಯ ಅಂಗಾಲಿನ ಬಗ್ಗೆ ಹೇಳಿದಳು. ರಂಗಮ್ಮ ಗೆದ್ದವಳಂತೆ ಸೊಸೆಯ ಕಡೆ ನೋಡಿದಳು. "ಹೆರಿಗೆ ಕೋಣೆ?" ಎಂದು ನೀಲಾವತಿ ಕೇಳಬಹುದಿತ್ತು. ಕೇಳಲಿಲ್ಲ. ಅಷ್ಟು ನೋಡಿದವಳು ಅದನ್ನು ಬಿಟ್ಟಿರುತ್ತಾಳೆ ಎಂದು ಅವಳಿಗೆ ಹೊಳೆಯಲೇ ಇಲ್ಲ.

"ಹೂಂ. ಹೋಗ್ಬೌದು" ಎಂದಳು ಕಾಳಮ್ಮ.

ಆ ದಿನದಿಂದ ಅವಳ ನಿದ್ದೆ ಕೆಟ್ಟಿತು. ಒಲೆಯ ಮುಂದೆ ಕೂತಾಗ, ಸೊಪ್ಪು ಬಿಡಿಸುವಾಗ, ಆ ಸಿಹಿ ವಾಸನೆ ಎಲ್ಲಿಂದಲೋ ಬಂದು ಮೂಗಿಗೆ ಬಡಿಯುತ್ತಿತ್ತು. ಸೆರಗು ಮೂಸಿ ನೋಡಿಕೊಳ್ಳುತ್ತಿದ್ದಳು. ಇನ್ನೊಮ್ಮೆ ಹೋಗಿ ನೋಡಿ ಬರೋಣ ಎಂದು ಎರಡು ಮೂರು ಸಲ ಹೊರಡಲು ಎದ್ದಳು. ಒಮ್ಮೆ ಹೂಂ ಅಂದ ಮನೆಯನ್ನು ಮತ್ತೆ ನೋಡಲು ಹೋದರೆ ಜನ ಏನೆಂದಾರು, ಬೀಗಿತ್ತಿ ರಂಗಮ್ಮ ಏನೆಂದಾಳು ಎಂದುಕೊಂಡು ಮತ್ತೆ ಕೂತಳು. ಕೆಂಪಣ್ಣ, "ಯಾಕೆ, ಮೈ ಸರಿಯಿಲ್ವಾ?" ಎಂದು ಕೇಳಿದರೆ ಸುಮ್ಮನೆ ಸಿಡುಕಿದಳು.

ನೋವು ಕಾಣಿಸಿಕೊಂಡಾಗ ಕಮಾನು ಕಟ್ಟಿದ ಗಾಡಿಯಲ್ಲಿ ನೀಲಾವತಿಯನ್ನು ಕರೆದೊಯ್ದರು. ದಾರಿಯುದ್ದಕ್ಕೂ ಅವಳು ಕಾಳಮ್ಮನ ಕೈ ಬಿಡಲಿಲ್ಲ. ಹಿಂದಿನ ಕಟ್ಟಡದ ಬಾಗಿಲಲ್ಲಿ ಆಯಾ ಆ ಕೈಯನ್ನು ಬಿಡಿಸಿ ಹುಡುಗಿಯನ್ನು ಒಳಗೆ ಕರೆದುಕೊಂಡಳು. ಮನೆಯವರು ಅಂಗಳದಲ್ಲೇ ಇರಬೇಕೆಂದು ಕಟ್ಟಪ್ಪಣೆಯಾಯಿತು. ಡಾಕ್ಟರು ಬಂದರು, ಹೋದರು. ಮಧ್ಯಾಹ್ನದ ಬಿಸಿಲಿನಲ್ಲಿ ಕಾಳಮ್ಮ ಅಂಗಳದ ಕಲ್ಲಿನ ಮೇಲೆ ಕೂತು ಆ ಬಾಗಿಲನ್ನೇ ನೋಡಿದಳು. ಕೊನೆಗೆ ಮಗು ಅತ್ತಿತು. ಹೆಣ್ಣು, ಜೀವಂತ, ಗಟ್ಟಿ ದನಿ. ರಂಗಮ್ಮ ಕುಣಿದಾಡಿದಳು. ಶಾಂತಪ್ಪ ಮುಖ ತಿರುಗಿಸಿಕೊಂಡು ಕಣ್ಣೊರೆಸಿದ. ಕಾಳಮ್ಮನಿಗೆ ಎದೆಯ ಮೇಲಿನ ಬಂಡೆ ಇಳಿದಂತಾಗಿ, ತನ್ನ ಭಯಕ್ಕೆ ತಾನೇ ನಕ್ಕುಬಿಟ್ಟಳು.

ಇನ್ನು ಪುರುಡು ಅವಳದೂ ಆಯಿತು. ಸಾಕಿದ ತಾಯಿ, ಬಾಣಂತನ ಮಾಡಬೇಕಾದವಳು, ಅವಳಿಗೆ ಇನ್ನು ಹೊಸಿಲಿನ ತಡೆಯಿರಲಿಲ್ಲ. ಬಾಗಿಲು ತಳ್ಳಿ ಒಳಗೆ ಹೋದಳು.

ಕಣ್ಣು ಕತ್ತಲೆಗೆ ಹೊಂದಿಕೊಂಡ ಮೇಲೆ ಒಂದೊಂದೇ ಕಂಡಿತು. ಇದ್ದ ಒಂದು ಕಿಟಕಿಗೆ ಹಲಗೆ ಬಡಿದಿತ್ತು. ನೆಲದ ಕಲ್ಲುಗಳ ಸಂದಿಯಲ್ಲಿ ಏನೋ ಕಪ್ಪಗೆ ಒಣಗಿ ಕೂತಿತ್ತು, ಅದರ ಮೇಲೆ ನೊಣ. ಎರಡು ಮಂಚ, ನಡುವೆ ಒಬ್ಬರು ನಿಲ್ಲುವಷ್ಟು ಜಾಗ. ಒಂದರಲ್ಲಿ ನೀಲಾವತಿ, ಬೆವೆತು ನಗುತ್ತಿದ್ದಳು. ಇನ್ನೊಂದರಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ ಹೆಂಗಸು ಯಾರದೋ ಹೆಸರು ಕರೆಯುತ್ತ ತನ್ನಷ್ಟಕ್ಕೆ ಮಾತಾಡುತ್ತಿದ್ದಳು. ಅವಳ ಮೈಯ ಕಾವು ಪಕ್ಕದಲ್ಲಿ ನಿಂತರೇ ತಾಕುತ್ತಿತ್ತು. ಆ ವಾಸನೆ ಅವಳ ಮಂಚದಿಂದ ಬರುತ್ತಿತ್ತು. ಆಯಾ ಅವಳನ್ನು ಸೊಂಟದ ಕೆಳಗೆ ಒರೆಸಿ, ಬಟ್ಟೆಯನ್ನು ಬೇಸಿನ್ನಿನ ಕೆಂಪು ನೀರಿನಲ್ಲಿ ಅದ್ದಿ ಹಿಂಡಿ, ಅದೇ ಬಟ್ಟೆ ಹಿಡಿದು ನೀಲಾವತಿಯ ಕಡೆ ತಿರುಗಿದಳು.

ಕಾಳಮ್ಮ ಅವಳ ಕೈ ಹಿಡಿದಳು. "ಬುಡು. ಮುಟ್ಬೇಡ ನನ್ನ ಮಗೀನ."

ಆಯಾ ಬೆಪ್ಪಾಗಿ ನೋಡಿದಳು. "ಆಗ್ಲಿಂದ ನಾನೇ ಅಲ್ವ ಮಾಡಿದ್ದು?" ಎಂದಳು.

ಕಾಳಮ್ಮ ಅಂಗಳ ದಾಟಿ ಓಡಿದಳು. ದೊಡ್ಡ ನರ್ಸನ್ನು ಹುಡುಕಿ, ಮಗಳನ್ನು ಈಗಿಂದೀಗಲೇ ಮನೆಗೆ ಒಯ್ಯುತ್ತೇನೆ ಎಂದಳು. ಹಸಿ ಬಾಣಂತಿಯನ್ನು ಗಾಡಿಯಲ್ಲಿ ಕುಲುಕಿಸಿದರೆ ರಕ್ತ ಹೋಗಿ ದಾರಿಯಲ್ಲೇ ಮುಗಿಯುತ್ತಾಳೆ ಎಂದು ನರ್ಸು ಹೇಳಿದಳು. ಅದು ಸುಳ್ಳಲ್ಲ ಎಂದು ಕಾಳಮ್ಮನಿಗೂ ಗೊತ್ತಿತ್ತು. ಹಾಗಿದ್ದರೆ ಮುಂದಿನ ದೊಡ್ಡ ಕೋಣೆಗೆ ತನ್ನಿ, ಆ ಬಿಳಿ ಹಾಸಿಗೆಯ ಮೇಲೆ ಮಲಗಿಸಿ ಎಂದು ಕಾಲು ಹಿಡಿಯಲು ಹೋದಳು.

ದೊಡ್ಡ ನರ್ಸಿಗೆ ಕೋಪವೇನೂ ಬರಲಿಲ್ಲ. "ಪುರುಡಿನವರನ್ನು ಮುಂದೆ ತಂದು ಮಲಗಿಸಿದ್ರೆ ಉಳಿದವರೆಲ್ಲ ಎದ್ದು ಹೋಗ್ತಾರಮ್ಮ. ನೀವೇ ಹೇಳಿ, ಆ ದಿನ ನೀವು ಬಂದಾಗ ಬಾಣಂತಿ ಮುಂದಿನ ಕೋಣೆಯಲ್ಲಿ ಇದ್ದಿದ್ರೆ ನೀವು ಒಳಗೆ ಕಾಲಿಡ್ತಿದ್ರಾ?"

ಕಾಳಮ್ಮ ಕಾಲಿಡುತ್ತಿರಲಿಲ್ಲ. ಆ ಮನೆ ಸರಿಯಿಲ್ಲ ಎಂದು ಊರೂರಿಗೆ ಹೇಳುತ್ತಿದ್ದಳು.

ಅವಳಿಗೆ ಉಳಿದದ್ದು ತನ್ನ ಎರಡು ಕೈ. ಅಂಗಳದಲ್ಲಿ ಮೂರು ಕಲ್ಲಿಟ್ಟು ನೀರು ಕಾಯಿಸಿದಳು, ಬಟ್ಟೆ ಕುದಿಸಿದಳು, ಗಂಟಿನಲ್ಲಿ ತಂದಿದ್ದ ತನ್ನ ಆ ಹೊಸ ಸೀರೆಯನ್ನೇ ಹರಿದು ಮಡಿಸಿ ಕೊಟ್ಟಳು, ಆಯಾಳನ್ನು ಹತ್ತಿರ ಬಿಡಲಿಲ್ಲ. ಪಕ್ಕದ ಮಂಚದ ಹೆಂಗಸಿಗೆ ನೀರನ್ನೂ ಕುಡಿಸಿದಳು. ಆ ಹೆಂಗಸು ಮಾರನೆಯ ದಿನ ಸುಮ್ಮನಾದಳು. ಬೇಸಿನ್ನಿಗೆ ಮುಚ್ಚಿದ ಹಾಗೆಯೇ ಅವಳಿಗೂ ಏನನ್ನೋ ಮುಚ್ಚಿ ಹಿಂದಿನ ದಾರಿಯಲ್ಲಿ ಒಯ್ದರು. ಮುಂದಿನ ಕೋಣೆಯವರು ಆಗ ಕಾಫಿ ಕುಡಿಯುತ್ತಿದ್ದರು.

ಅಂದೇ ಸಂಜೆ ನೀಲಾವತಿ, "ಚಿಕ್ಕವ್ವ, ಚಳಿ" ಎಂದಳು. ಹೊದಿಸಿದ್ದೆಲ್ಲ ಸಾಲದಾಯಿತು. ಹಲ್ಲು ಕಟಕಟ ಕಡಿಯಿತು. ಚಳಿ ಬಿಟ್ಟ ಮೇಲೆ ಕೆಂಡದಂಥ ಜ್ವರ. ಡಾಕ್ಟರು ಬಂದು ನಾಡಿ ನೋಡಿ, ಹೊಟ್ಟೆ ಒತ್ತಿ, ಇಂಜೆಕ್ಷನ್ ಕೊಟ್ಟು, ಇಲ್ಲಿಯೇ ವಾಸಿಯಾಗುತ್ತದೆ ಎಂದರು. ಒಂದು ದಿನ ಹಾಗೇ ಕಳೆಯಿತು. ಆಮೇಲೆ ಅದೇ ಡಾಕ್ಟರು ಶಾಂತಪ್ಪನನ್ನು ಆಚೆ ಕರೆದು, ನಂಜಾಗಿದೆ, ಮಡಿಕೇರಿಗೆ ಒಯ್ದರೆ ಒಳ್ಳೆಯದು ಎಂದರು. ಶಾಂತಪ್ಪ ಜೀಪು ಕೇಳಿಕೊಂಡು ಎಸ್ಟೇಟಿನ ಕಡೆ ಓಡಿದ.

ಅವನು ಬರುವ ತನಕ ಕಾಳಮ್ಮ ಮಂಚದ ಅಂಚಿನಲ್ಲಿ ಕೂತಿದ್ದಳು. ನೀಲಾವತಿಯ ಕಣ್ಣು ಹೊಳೆಯುತ್ತಿತ್ತು. ಕೋಣೆಯನ್ನೆಲ್ಲ ಒಮ್ಮೆ ನೋಡಿದಳು, ಕಿಟಕಿಗೆ ಬಡಿದ ಹಲಗೆಯನ್ನೂ, ಖಾಲಿ ಮಂಚವನ್ನೂ.

"ಚಿಕ್ಕವ್ವ, ಈ ಕೋಣೆ ನೀನು ನೋಡಿದ್ದೆ ಅಲ್ವಾ?"

"ನೋಡಿದ್ದೆ ಮಗಾ."

"ಹಂಗಾರೆ ಏನೂ ಆಗಕ್ಕಿಲ್ಲ ಬುಡು" ಎಂದು ಅವಳು ಕಣ್ಣು ಮುಚ್ಚಿದಳು.

ಜೀಪು ಮಾದಾಪುರ ದಾಟಿ ಘಟ್ಟದ ತಿರುವುಗಳಲ್ಲಿ ಏರುತ್ತಿದ್ದಾಗ, ಕಾಳಮ್ಮನ ತೊಡೆಯ ಮೇಲೆ ತಲೆಯಿಟ್ಟುಕೊಂಡೇ ನೀಲಾವತಿ ಹೋಗಿಬಿಟ್ಟಳು. ಶಾಂತಪ್ಪನಿಗೆ ಗೊತ್ತಾಗಲಿಲ್ಲ. ಇನ್ನೂ ಸ್ವಲ್ಪ ದೂರ ಕಾಳಮ್ಮ ಹೇಳಲಿಲ್ಲ.

ಸೂತಕದ ಮನೆಗೆ ಬಂದವರೆಲ್ಲ ಒಂದೇ ಮಾತು ಹೇಳಿದರು, ಹಣೆಬರಹ. ಬಾಣಂತಿ ಸನ್ನಿ ಯಾರನ್ನು ಕೇಳಿ ಬರುತ್ತದೆ? ಬೀಗಿತ್ತಿಯ ಕೈ ಹಿಡಿದುಕೊಂಡು ರಂಗಮ್ಮನೇ ಅತ್ತಳು. "ನೀನೇನು ಕಮ್ಮಿ ಮಾಡ್ದೆ ಕಾಳಕ್ಕ? ನೀನೇ ಹೋಗಿ ಕಣ್ಣಾರೆ ನೋಡ್ಕೊಂಡು ಬಂದೆ. ದೇವ್ರು ಕಣ್ಣು ಮುಚ್ದ" ಎಂದಳು. ಒಬ್ಬರಾದರೂ ಬಯ್ಯಬಾರದೇ ಎಂದು ಕಾಳಮ್ಮ ಕಾದಳು. ಯಾರೂ ಬಯ್ಯಲಿಲ್ಲ. ಮಗುವನ್ನು ಅವಳ ಮಡಿಲಿಗೇ ಹಾಕಿದರು. ತಾಯಿಯನ್ನು ಸಾಕಿದವಳು ಮಗಳನ್ನೂ ಸಾಕಲಿ ಎಂದರು. ಶಾಂತಪ್ಪ ಶನಿವಾರ ಶನಿವಾರ ಸಂತೆ ಮುಗಿಸಿ ಬಂದು ಮಗುವಿನ ಮುಖ ನೋಡಿಕೊಂಡು ಹೋಗುತ್ತಿದ್ದ.

ಮಗು ಹತ್ತಿಯ ಬತ್ತಿಯಲ್ಲಿ ಹಾಲು ಚೀಪಿ ಚೀಪಿ ಮೈಗೂಡಿತು. ಕಾಳಮ್ಮ ಅದನ್ನು ಇಳಿಸುತ್ತಲೇ ಇರಲಿಲ್ಲ. ಮನೆ ನೋಡಲು ಕರೆಯಬಂದವರಿಗೆ ಕೂಸನ್ನು ತೋರಿಸಿ ಆಗದೆನ್ನುತ್ತಿದ್ದಳು. ಆ ಕೂಸಿನ ಮುಖ ನೋಡುತ್ತಿದ್ದಷ್ಟು ಹೊತ್ತು ಮಾತ್ರ ಅವಳಿಗೆ ಆ ಬಾಗಿಲು ಮರೆಯುತ್ತಿತ್ತು.

ಒಂದು ಶನಿವಾರ ಶಾಂತಪ್ಪನೂ ರಂಗಮ್ಮನೂ ಬಂದು ಕೆಂಪಣ್ಣನ ಜೊತೆ ನಡುಮನೆಯಲ್ಲಿ ಕೂತಿದ್ದಾಗ ಆಚೆ ಊರಿನ ಮಾಯಿಲಪ್ಪ ಬಂದ. ಅವನ ಮಗಳು ಚೊಚ್ಚಲ ಬಸುರಿ, ದಿನ ತುಂಬಿತ್ತು, ಮಗು ಅಡ್ಡ ಇದೆ ಎಂದು ಕೆಂಚಿ ಕೈಬಿಟ್ಟಿದ್ದಳು. ಬೆಳಿಗ್ಗೆಯೇ ಗಾಡಿ ಹೂಡಬೇಕೆಂದು ಹೊರಟು ನಿಂತಿದ್ದ.

"ಒಂದು ಮಾತು ಕೇಳ್ಕೊಂಡು ಹೋಗಾನ ಅಂತ ಬಂದೆ ಕಾಳಮ್ಮ. ಸೋಮಾರಪೇಟೆ ರಸ್ತೆ ನರ್ಸಿಂಗೋಮಿಗೆ ಕರ್ಕೊಂಡು ಹೋಗ್ಲಾ? ನಿಮ್ಮ ಮಗೂದು ಹಣೆಬರ, ಅದಕ್ಕೆ ಜಾಗ ಏನು ಮಾಡೀತು. ನೀವೇ ನೋಡಿ ಒಪ್ಪಿದ ಜಾಗ ಅಂತಾರೆ. ನೀವೊಂದು ಹೂಂ ಅಂದ್ರೆ ನನಗೆ ಧೈರ್ಯ."

"ಬ್ಯಾಡ ಮಾಯಿಲಪ್ಪ. ಮಡಿಕೇರಿಗೆ ಹೋಗು" ಎಂದಳು ಕಾಳಮ್ಮ.

"ಮಡಿಕೇರಿ ಎಲ್ಲಿ, ನಾವೆಲ್ಲಿ! ಗಾಡೀಲಿ ಆ ಘಟ್ಟ ಹತ್ತಿಸಕ್ಕಾಯ್ತದಾ? ದುಃಖಕ್ಕೆ ಹಂಗಂತೀರಿ ಬುಡಿ, ನನಗೆ ಗೊತ್ತಾಯ್ತದೆ. ಜಾಗದಲ್ಲಿ ದೋಸ ಏನೈತೆ ಹೇಳಿ? ನೀವು ನೋಡ್ದಾಗ ಚೆನ್ನಾಗಿತ್ತೋ ಇಲ್ವೋ?"

ರಂಗಮ್ಮ ನಡುವೆ ಬಾಯಿ ಹಾಕಿದಳು. "ಚೆನ್ನಾಗಿತ್ತು ಅಂತ್ಲೇ ಹೇಳಿದ್ರು ಕಣಪ್ಪ. ನಾವೂ ಕೇಳ್ದೋ."

ಕಾಳಮ್ಮ ಮಗುವಿನ ಬಾಯಿಂದ ಬತ್ತಿ ತೆಗೆದಳು. ಹೇಳಿದರೆ ಏನಾಗುತ್ತದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಮಾಯಿಲಪ್ಪನನ್ನು ಬೇಲಿಯ ತಡಮೆಯ ತನಕ ಕಳಿಸಲು ಹೋದಂತೆ ಮಾಡಿ, ಯಾರಿಗೂ ಕೇಳದ ಹಾಗೆ ಅವನ ಕಿವಿಯಲ್ಲಿ ಹೇಳಬಹುದಿತ್ತು. ಆದರೆ ಅವನು ಕಾರಣವಿಲ್ಲದೆ ಒಪ್ಪುವವನಲ್ಲ, ಕಾರಣ ಕೇಳಿದವನು ಬಾಯಿ ಕಟ್ಟಿಕೊಂಡು ಇರುವವನೂ ಅಲ್ಲ. ಇಂದಲ್ಲ ನಾಳೆ ಶಾಂತಪ್ಪನಿಗೆ ಬೇರೆಯವರ ಬಾಯಿಂದ ಗೊತ್ತಾಗುತ್ತದೆ. ಅವಳು ಶಾಂತಪ್ಪನ ಮುಖ ನೋಡಿಯೇ ಹೇಳಿದಳು.

"ಬಾವಿ ನೋಡ್ದೆ, ಹಸ ನೋಡ್ದೆ. ಹೆರಿಗೆ ಕೋಣೆ ನೋಡ್ಲಿಲ್ಲ."

ಶಾಂತಪ್ಪ ಗೋಡೆಗೆ ಒರಗಿದ್ದವನು ಎದ್ದು ನೆಟ್ಟಗೆ ಕೂತ.

"ಬಾಗ್ಲಲ್ಲೇ ನಿಂತಿದ್ದೆ. ಒಳಗೆ ಪುರುಡೈತೆ ಅಂದ್ರು. ನಾನು ಹೊಸ ಸೀರೆ ಉಟ್ಕೊಂಡು ನಿಶ್ಚಯಕ್ಕೆ ಹೊಂಟಿದ್ದೆ, ಮೈಲಿಗೆ ಆಯ್ತದೆ ಅಂತ ಹಿಂದಕ್ಕೆ ಬಂದೆ. ಒಳಗಿಂದ ಒಂದು ಹೆಣ್ಣು ನೀರು ನೀರು ಅಂತಿತ್ತು. ನಾತ ಬತ್ತಿತ್ತು. ಎಲ್ಲ ಗೊತ್ತಾಗಿಯೂ ಬಂದು ನಿಮ್ಮ ಮುಂದೆ ಹೂಂ ಅಂದೆ. ಅದು ಕೊಲ್ಲೋ ಕೋಣೆ ಮಾಯಿಲಪ್ಪ. ಒಬ್ಬಳ ನಂಜು ಇನ್ನೊಬ್ಬಳಿಗೆ ಬಳಿತಾರೆ. ನನ್ನ ನೀಲಾನ ಕೊಂದಿದ್ದು ಹಣೆಬರ ಅಲ್ಲ, ನನ್ನ ಹೂಂ."

ಮಾಯಿಲಪ್ಪ ಕಾಫಿ ಲೋಟ ಕೆಳಗಿಟ್ಟು ಎದ್ದ. ಎಸ್ಟೇಟಿನ ಲಾರಿ ಮಡಿಕೇರಿಗೆ ಯಾವಾಗ ಹೊರಡುತ್ತದೆಂದು ಕೆಂಪಣ್ಣನನ್ನು ಕೇಳಿಕೊಂಡು, ಕಾಳಮ್ಮನ ಕಡೆ ನೋಡದೆ ಬಿರಬಿರನೆ ಹೊರಟುಹೋದ.

ಶಾಂತಪ್ಪ ದನಿ ಏರಿಸಲಿಲ್ಲ. ಎಂದೂ ಏರಿಸಿದವನಲ್ಲ. "ಅತ್ತೆ, ಹೋಗಿ ನೋಡು ಅಂತ ಅವಳು ಕೇಳಿದ್ಲು ಅಲ್ವಾ ನಿಮ್ಮನ್ನ? ಗಾಡೀಲೂ ಹೇಳ್ತಿದ್ಲು, ಚಿಕ್ಕವ್ವ ನೋಡವ್ಳೆ ಅಂತ" ಎಂದ. ಆಮೇಲೆ ಬಗ್ಗಿ ಅವಳ ಮಡಿಲಿನಿಂದ ಮಗುವನ್ನು ಎತ್ತಿಕೊಂಡ. ಮಗುವಿನ ಮುಷ್ಟಿಯಲ್ಲಿ ಅವಳ ಸೆರಗಿನ ಚುಂಗು ಸಿಕ್ಕಿತ್ತು. ಬೆರಳುಗಳನ್ನು ಮೆಲ್ಲಗೆ ಬಿಡಿಸಿದ. ಮೆಟ್ಟಿಲಿಳಿದು ಅಂಗಳಕ್ಕೆ ನಡೆದ.

ಅರ್ಧ ಹೊಟ್ಟೆಗೆ ಎದ್ದ ಮಗು ಅಂಗಳದಲ್ಲಿ ಕಿರುಚಿ ಅಳತೊಡಗಿತು. ಕಾಳಮ್ಮ ಹಾಲಿನ ಬಟ್ಟಲು ಹಿಡಿದು ಬಾಗಿಲಿಗೆ ಓಡಿಬಂದಳು, ಹೊಸಿಲಲ್ಲಿ ನಿಂತುಬಿಟ್ಟಳು. ಶಾಂತಪ್ಪ ತಿರುಗಲಿಲ್ಲ. ರಂಗಮ್ಮ ತಿರುಗಿ ಬಂದಳು. ಕೈಗೆ ಕೈ ತಾಕದ ಹಾಗೆ ಬಟ್ಟಲಿನ ಅಂಚು ಹಿಡಿದು ತೆಗೆದುಕೊಂಡು, ಮಗನ ಹಿಂದೆ ಹೋದಳು.